ಗಣಕಯಂತ್ರದ ಧ್ವನಿ ನಿಂತಾಗ ಎಲ್ಲಿಂದ ಹುಡುಕಬೇಕು?

(ಅರಿವು ಕೇಂದ್ರಗಳ ಮೇಲ್ವಿಚಾರಕರು ಹಾಗೂ ಗ್ರಾಮ ಪಂಚಾಯತಿಗಳ ಗಣಕಯಂತ್ರ ನಿರ್ವಾಹಕರಿಗಾಗಿ ಅಭ್ಯಾಸ ಲೇಖನ)

ಕೆರಗೋಡು ಹೋಬಳಿಯ ಒಂದು ಅರಿವು ಕೇಂದ್ರದಲ್ಲಿ ಗುಡುಗು ಮಳೆಯ ಮರುದಿನ ಗಣಕಯಂತ್ರದ ಪರದೆ ಬೆಳಗಲಿಲ್ಲ. ಹಳೆಯ ಮಾನಿಟರ್ ಸುಟ್ಟಿದೆಯೆಂದು ತಿಳಿದು, ಕೆಲವು ದಿನಗಳಲ್ಲಿ ಹೊಸದನ್ನು ತಂದು ಜೋಡಿಸಲಾಯಿತು. ಚಿತ್ರ ಮೊದಲಿಗಿಂತ ಸ್ಪಷ್ಟವಾಗಿ ಬಂದಿತು. ಪತ್ರಿಕೆ ಓದಲು ಬರುವ ಹಿರಿಯರೂ ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳೂ ಯಂತ್ರ ಸರಿಹೋಯಿತೆಂದೇ ಭಾವಿಸಿದರು. ಒಬ್ಬ ಓದುಗರಿಗೆ ಮಾತ್ರ ಆ ದಿನದಿಂದ ಯಂತ್ರ ಇದ್ದೂ ಇಲ್ಲದಂತಾಯಿತು. ಅವರು ದೃಷ್ಟಿ ಇಲ್ಲದ ಯುವಕ. ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಸಿದ್ಧತೆ ನಡೆಸಿದ್ದವರು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶದ ನೆರವಿನಿಂದ ಮಧ್ಯಾಹ್ನದ ಹೊತ್ತು ಅಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಹೊಸ ಪರದೆ ಬಂದ ದಿನ ಯಂತ್ರದಿಂದ ಸದ್ದೇ ಹೊರಡಲಿಲ್ಲ.

ಮುಂದೆ ನಡೆದದ್ದು ಅನೇಕ ಕಚೇರಿಗಳಲ್ಲಿ ನಡೆಯುವುದೇ ಆಗಿದೆ. ರಿಪೇರಿಗೆ ಬಂದ ತಂತ್ರಜ್ಞರು ಹತ್ತು ನಿಮಿಷ ನೋಡಿ, ವಿಂಡೋಸ್ ಕೆಟ್ಟಿದೆಯೆಂದು ಯಂತ್ರವನ್ನು ಫಾರ್ಮ್ಯಾಟ್ ಮಾಡಿದರು. ಧ್ವನಿ ಬರಲಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂದು ಹೇಳಿ ಹೊರಟರು. ಹೊಸ ಯಂತ್ರ ಖರೀದಿಯ ಪ್ರಸ್ತಾವನೆ ಬರೆಯುವ ಹಂತದಲ್ಲಿ ಆ ಯುವಕ ಮೇಲ್ವಿಚಾರಕಿಯವರನ್ನು ಕೇಳಿದ ಪ್ರಶ್ನೆ ಒಂದೇ: "ಅಕ್ಕ, ಸೌಂಡ್ ನಿಂತಿದ್ದು ಹೊಸ ಮಾನಿಟರ್ ಹಾಕ್ಸಿದ ದಿನಾನೇ ಅಲ್ವಾ?" ಎರಡೇ ನಿಮಿಷಗಳಲ್ಲಿ ಧ್ವನಿ ಮರಳಿತು. ಒಂದು ಕೇಬಲನ್ನೂ ಬದಲಿಸಬೇಕಾಗಲಿಲ್ಲ. ಆದರೆ ಡೆಸ್ಕ್‌ಟಾಪಿನಲ್ಲಿ ಅವರು ತಿಂಗಳುಗಳಿಂದ ಕೂಡಿಸಿಟ್ಟಿದ್ದ ಟಿಪ್ಪಣಿಗಳು ಫಾರ್ಮ್ಯಾಟಿನೊಂದಿಗೆ ಹೋಗಿದ್ದವು. ಅವು ಮರಳಿ ಬರಲಿಲ್ಲ.

ಆ ಎರಡು ನಿಮಿಷಗಳಲ್ಲಿ ಏನು ನಡೆಯಿತು ಎಂಬುದನ್ನು ಅರಿಯುವುದೇ ಈ ಪಾಠದ ವಿಷಯ.

ನೀರುಗಂಟಿಯ ಕ್ರಮ

ಒಂದು ಬೀದಿಗೆ ಕುಡಿಯುವ ನೀರು ಬಾರದಿದ್ದರೆ ಪಂಚಾಯತಿಯ ನೀರುಗಂಟಿ ಮೊದಲು ಓವರ್‌ಹೆಡ್ ಟ್ಯಾಂಕನ್ನು ಒಡೆಯುವುದಿಲ್ಲ, ಪೈಪನ್ನೂ ಅಗೆಯುವುದಿಲ್ಲ. ಟ್ಯಾಂಕಿಗೂ ಬೀದಿಗೂ ನಡುವಿನ ಒಂದು ವಾಲ್ವ್ ಬಳಿ ನಿಂತು ಅಲ್ಲಿಯವರೆಗೆ ನೀರು ಬಂದಿದೆಯೇ ಎಂದು ನೋಡುತ್ತಾರೆ. ಬಂದಿದ್ದರೆ ದೋಷ ಕೆಳಗಿದೆ, ಬಂದಿಲ್ಲವಾದರೆ ಮೇಲಿದೆ. ಒಂದೇ ನೋಟದಲ್ಲಿ ಹುಡುಕಾಟ ಅರ್ಧಕ್ಕೆ ಇಳಿಯಿತು.

ಗಣಕಯಂತ್ರದಲ್ಲಿ ಧ್ವನಿ ಹರಿಯುವ ದಾರಿಯೂ ಹೀಗೆಯೇ ಇದೆ. ಹಾಡು ನುಡಿಸುವ ಅಥವಾ ಪಠ್ಯ ಓದುವ ತಂತ್ರಾಂಶದಿಂದ ಅದು ಹೊರಡುತ್ತದೆ. ವಿಂಡೋಸಿನ ಧ್ವನಿ ವ್ಯವಸ್ಥೆ ಅದನ್ನು ಪಡೆದು, ಯಾವ ಸಾಧನಕ್ಕೆ ಕಳುಹಿಸಬೇಕೆಂದು ತೀರ್ಮಾನಿಸುತ್ತದೆ. ಡ್ರೈವರ್ ಎಂಬ ಸಣ್ಣ ತಂತ್ರಾಂಶ ಅದನ್ನು ಮದರ್‌ಬೋರ್ಡಿನ ಧ್ವನಿ ಚಿಪ್ಪಿಗೆ ತಲುಪಿಸುತ್ತದೆ. ಅಂಕಿಗಳ ರೂಪದಲ್ಲಿದ್ದ ಧ್ವನಿ ಅಲ್ಲಿ ವಿದ್ಯುತ್ ಅಲೆಯಾಗಿ ಬದಲಾಗಿ, ಹಿಂಬದಿಯ ಹಸಿರು ರಂಧ್ರದಿಂದ ಹೊರಟು, ತಂತಿಯ ಮೂಲಕ ಸ್ಪೀಕರನ್ನು ಸೇರುತ್ತದೆ. ಸ್ಪೀಕರಿನೊಳಗಿನ ಆಂಪ್ಲಿಫೈಯರಿಗೆ ಬೇರೆಯೇ ವಿದ್ಯುತ್ ಬೇಕು. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಕಿವಿಗೆ ಸಿಗುವ ಫಲ ಒಂದೇ, ನಿಶ್ಶಬ್ದ. ಆದುದರಿಂದ ನಿಶ್ಶಬ್ದವನ್ನು ಕಂಡೊಡನೆ ಕಾರಣವನ್ನು ಊಹಿಸುವುದು ವ್ಯರ್ಥ. ನಡುದಾರಿಯಲ್ಲಿ ನಿಂತು ನೋಡಬೇಕು.

ನಡುದಾರಿಯ ಆ ವಾಲ್ವ್ ವಿಂಡೋಸಿನಲ್ಲಿಯೇ ಇದೆ. ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಆರ್ ಒತ್ತಿದರೆ ತೆರೆಯುವ ಸಣ್ಣ ಪೆಟ್ಟಿಗೆಯಲ್ಲಿ ಎಂ ಎಂ ಎಸ್ ವೈ ಎಸ್, ನಂತರ ಚುಕ್ಕಿ, ನಂತರ ಸಿ ಪಿ ಎಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿ ಎಂಟರ್ ಒತ್ತಬೇಕು. ನುಡಿ ತಂತ್ರಾಂಶ ಕನ್ನಡ ಕೀಲಿಮಣೆಯಲ್ಲಿದ್ದರೆ ಮೊದಲು ಇಂಗ್ಲಿಷಿಗೆ ಬದಲಾಯಿಸಿಕೊಳ್ಳಬೇಕು. ಇಲ್ಲವಾದರೆ ಯಂತ್ರ ಆ ಹೆಸರನ್ನು ಗುರುತಿಸದು. ತೆರೆದ ಕಿಟಕಿಯ ಪ್ಲೇಬ್ಯಾಕ್ ಎಂಬ ಮೊದಲ ಪುಟದಲ್ಲಿ ಯಂತ್ರಕ್ಕೆ ತಿಳಿದಿರುವ ಧ್ವನಿ ಸಾಧನಗಳೆಲ್ಲ ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ಬಲಬದಿಗೆ ಒಂದು ನಿಂತ ಪಟ್ಟಿ ಇರುತ್ತದೆ. ಈಗ ಯಂತ್ರದಲ್ಲಿಯೇ ಉಳಿಸಿಟ್ಟಿರುವ ಯಾವುದಾದರೂ ಹಾಡನ್ನು ನುಡಿಸಬೇಕು. ಅಂತರ್ಜಾಲದ ವಿಡಿಯೊ ಬೇಡ. ಸಂಪರ್ಕ ಕೈಕೊಟ್ಟರೆ ಎರಡು ದೋಷಗಳು ಒಂದರೊಳಗೊಂದು ಸೇರಿ ಗೊಂದಲವಾಗುತ್ತದೆ.

ಹಾಡು ನುಡಿಯುತ್ತಿರುವಾಗ ಯಾವುದಾದರೂ ಪಟ್ಟಿ ಹಸಿರಾಗಿ ಏರಿಳಿಯುತ್ತಿದೆಯೇ ಎಂಬುದನ್ನು ಗಮನಿಸಬೇಕು. ಏರಿಳಿಯುತ್ತಿದ್ದರೆ ತಂತ್ರಾಂಶವೂ ವಿಂಡೋಸೂ ತಮ್ಮ ಕೆಲಸವನ್ನು ಮಾಡುತ್ತಿವೆ ಎಂದರ್ಥ. ಫಾರ್ಮ್ಯಾಟ್ ಮಾಡುವ ಮಾತೇ ಅಲ್ಲಿಗೆ ಮುಗಿಯಿತು. ದೋಷವೇನಿದ್ದರೂ ಆ ಸಾಧನದಿಂದ ಆಚೆಗೆ, ಅಂದರೆ ರಂಧ್ರ, ತಂತಿ, ಸ್ಪೀಕರುಗಳಲ್ಲಿದೆ. ಇಲ್ಲವೇ ಧ್ವನಿ ತಪ್ಪು ಸಾಧನಕ್ಕೆ ಹೋಗುತ್ತಿದೆ. ಪಟ್ಟಿ ನಿಶ್ಚಲವಾಗಿದ್ದರೆ ಮಾತ್ರ ತಂತ್ರಾಂಶ, ಡ್ರೈವರುಗಳ ಕಡೆ ನೋಡಬೇಕು. ಈ ಒಂದು ಪರೀಕ್ಷೆಯನ್ನು ಮಾಡದೆ ಬೇರೆ ಏನನ್ನೂ ಮಾಡಬಾರದೆಂದರೆ ಅತಿಶಯೋಕ್ತಿಯಲ್ಲ.

ಬಾಯಿಲ್ಲದ ಪರದೆಗೆ ಹೋದ ಧ್ವನಿ

ಕೆರಗೋಡು ಹೋಬಳಿಯ ಆ ಯಂತ್ರದಲ್ಲಿ ಪಟ್ಟಿ ಏರಿಳಿಯುತ್ತಲೇ ಇತ್ತು. ಆದರೆ ಅದು ಸ್ಪೀಕರಿನ ಹೆಸರಿನ ಮುಂದಲ್ಲ, ಹೊಸ ಮಾನಿಟರಿನ ಹೆಸರಿನ ಮುಂದೆ.

ಇದಕ್ಕೆ ಕಾರಣ ಸರಳವಾಗಿದೆ. ಹಳೆಯ ಮಾನಿಟರುಗಳನ್ನು ಜೋಡಿಸುತ್ತಿದ್ದ, ಎರಡೂ ಬದಿಗೆ ತಿರುಪುಗಳಿರುವ ನೀಲಿ ತುದಿಯ ವಿಜಿಎ ಕೇಬಲ್ ಚಿತ್ರವನ್ನು ಮಾತ್ರ ಒಯ್ಯುತ್ತದೆ. 2002ರ ಕೊನೆಯಲ್ಲಿ ಹೊರಬಂದ ಎಚ್‌ಡಿಎಂಐ ವಿಧಾನ ಹಾಗಲ್ಲ. ಒಂದೇ ಕೇಬಲಿನಲ್ಲಿ ಚಿತ್ರವನ್ನೂ ಧ್ವನಿಯನ್ನೂ ಒಯ್ಯುತ್ತದೆ. ಡಿಸ್‌ಪ್ಲೇಪೋರ್ಟ್ ಕೂಡ ಹಾಗೆಯೇ. ಎಚ್‌ಡಿಎಂಐ ಕೇಬಲಿನಿಂದ ಹೊಸ ಮಾನಿಟರನ್ನು ಜೋಡಿಸಿದೊಡನೆ ವಿಂಡೋಸ್ ಅದನ್ನು ಒಂದು ಧ್ವನಿ ಸಾಧನವೆಂದೂ ಎಣಿಸುತ್ತದೆ. ಎಷ್ಟೋ ಬಾರಿ ತಾನಾಗಿಯೇ ಅದನ್ನು ಮುಖ್ಯ ಸಾಧನವನ್ನಾಗಿ ಮಾಡಿಕೊಳ್ಳುತ್ತದೆ. ಕಡಿಮೆ ಬೆಲೆಯ ಮಾನಿಟರುಗಳಲ್ಲಿ ಸ್ಪೀಕರ್ ಇರುವುದು ಅಪರೂಪ. ಧ್ವನಿ ಅಲ್ಲಿಗೆ ಹೋಗಿ ಇಂಗಿಹೋಗುತ್ತದೆ. ಹಸಿರು ರಂಧ್ರದಲ್ಲಿ ಕಾದಿರುವ ಸ್ಪೀಕರಿಗೆ ಏನೂ ತಲುಪುವುದಿಲ್ಲ. ಫಾರ್ಮ್ಯಾಟ್ ಮಾಡಿದರೂ ಪ್ರಯೋಜನವಾಗದಿದ್ದುದು ಇದರಿಂದಲೇ: ಹೊಸದಾಗಿ ಬಂದ ವಿಂಡೋಸ್ ಅದೇ ಕೇಬಲನ್ನು ನೋಡಿ ಅದೇ ತೀರ್ಮಾನಕ್ಕೆ ಬಂದಿತು.

ಪರಿಹಾರವೂ ಅದೇ ಕಿಟಕಿಯಲ್ಲಿದೆ. ಸ್ಪೀಕರ್ಸ್ ಎಂಬ ಸಾಲನ್ನು ಆರಿಸಿ, ಕೆಳಗಿನ ಸೆಟ್ ಡಿಫಾಲ್ಟ್ ಗುಂಡಿಯನ್ನು ಒತ್ತಿದರೆ ಧ್ವನಿ ಆ ಕಡೆ ತಿರುಗುತ್ತದೆ. ಮಾನಿಟರಿನ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿಸೇಬಲ್ ಮಾಡಿಟ್ಟರೆ ಮುಂದೆ ಇದೇ ತೊಂದರೆ ಮರುಕಳಿಸುವ ಸಂಭವ ಕಡಿಮೆ. ಸ್ಪೀಕರ್ಸ್ ಎಂಬ ಸಾಲೇ ಕಾಣದಿದ್ದರೆ, ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ ನಿಷ್ಕ್ರಿಯ ಸಾಧನಗಳನ್ನೂ ತೋರಿಸುವಂತೆ ಆರಿಸಿಕೊಳ್ಳಬೇಕು. ಹಿಂದೆ ಯಾರೋ ಮುಚ್ಚಿಟ್ಟದ್ದು ಮಸುಕಾಗಿ ಕಾಣಿಸಿಕೊಳ್ಳಬಹುದು.

ಪ್ರೊಜೆಕ್ಟರ್, ಟಿ.ವಿ. ಅಥವಾ ಯುಎಸ್‌ಬಿ ಹೆಡ್‌ಫೋನನ್ನು ಜೋಡಿಸಿ ತೆಗೆದ ಮೇಲೂ ಈ ದಿಕ್ಕು ಬದಲಾಗಿ ಉಳಿಯುವುದುಂಟು. ಗ್ರಾಮ ಸಭೆಗೋ ತರಬೇತಿಗೋ ಯಂತ್ರವನ್ನು ಸಭಾಂಗಣಕ್ಕೆ ಒಯ್ದು ತಂದ ಮರುದಿನ ಧ್ವನಿ ಇಲ್ಲವೆಂಬ ದೂರು ಬಂದರೆ ಮೊದಲ ಸಂಶಯ ಇದರ ಮೇಲೆಯೇ ಇರಲಿ. ಆ ಯುವಕ ಕೇಳಿದ ಪ್ರಶ್ನೆಯ ಬೆಲೆ ಇಲ್ಲಿದೆ. ಧ್ವನಿ ನಿಂತ ದಿನ ಬೇರೇನು ಬದಲಾಯಿತು ಎಂಬುದನ್ನು ಯಂತ್ರ ಹೇಳುವುದಿಲ್ಲ; ದಿನವೂ ಬಳಸುವವರು ಹೇಳುತ್ತಾರೆ.

ಓದುವ ತಂತ್ರಾಂಶವೇ ಮೌನವಾಗಿದ್ದರೆ

ಕಣ್ಣಿರುವವರಿಗೆ ಧ್ವನಿ ಇಲ್ಲದ ಯಂತ್ರ ಒಂದು ಅನನುಕೂಲ. ದೃಷ್ಟಿ ಇಲ್ಲದವರಿಗೆ ಅದು ಪರದೆ ಆರಿಹೋದ ಯಂತ್ರ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದ ಮೇಲೆ ಅಲ್ಲಿಗೆ ಗಣಕಯಂತ್ರಗಳೂ ಬಂದವು, ಅವುಗಳೊಂದಿಗೆ ಹೊಸ ಓದುಗರೂ ಬಂದರು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 42ನೇ ಪ್ರಕರಣವು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ವಿಕಲಚೇತನರಿಗೂ ಎಟುಕುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಈ ಹಿನ್ನೆಲೆಯಲ್ಲಿ ಅರಿವು ಕೇಂದ್ರದ ಸ್ಪೀಕರನ್ನು ಅಲಂಕಾರದ ವಸ್ತುವಾಗಿ ನೋಡಲಾಗದು. ಕೊಠಡಿಯ ದೀಪದಷ್ಟೇ ಅದರ ಅಗತ್ಯವೂ ಇದೆ.

ಎನ್‌ವಿಡಿಎ ತಂತ್ರಾಂಶದ ಕೆಲಸವನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದವರು ಮೈಕೆಲ್ ಕರನ್; ಅವರೊಡನೆ ಕೈಜೋಡಿಸಿದವರು ಜೇಮ್ಸ್ ಟೆಹ್. ಇಬ್ಬರೂ ದೃಷ್ಟಿ ಇಲ್ಲದವರು. ಅದು ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ ಇ-ಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಯಾಂತ್ರಿಕವಾಗಿದ್ದರೂ ಅಭ್ಯಾಸವಾದವರು ಅದನ್ನು ವೇಗ ಹೆಚ್ಚಿಸಿಕೊಂಡೇ ಕೇಳುತ್ತಾರೆ.

ಇದರಲ್ಲಿ ವಿಶೇಷ ತೊಡಕೊಂದಿದೆ. ಎನ್‌ವಿಡಿಎ ಮೌನವಾಗಿದೆ ಎಂದ ಮಾತ್ರಕ್ಕೆ ಯಂತ್ರದ ಧ್ವನಿ ಹೋಗಿದೆಯೆಂದು ಅರ್ಥವಲ್ಲ. ಇನ್ಸರ್ಟ್ ಕೀಲಿಯನ್ನು ಹಿಡಿದು ಎಸ್ ಒತ್ತಿದರೆ ಅದು ಮಾತಿನ ಸ್ಥಿತಿಗಳನ್ನು ಒಂದಾದಮೇಲೊಂದು ಬದಲಾಯಿಸುತ್ತದೆ. ಅವುಗಳಲ್ಲಿ ಒಂದು ಪೂರ್ಣ ಮೌನ, ಇನ್ನೊಂದು ಬರೀ ಬೀಪ್ ಸದ್ದು. ಬೆರಳು ತಪ್ಪಿ ಒಮ್ಮೆ ಒತ್ತಿದರೂ ಮಾತು ನಿಲ್ಲುತ್ತದೆ. ಆದುದರಿಂದ ಇನ್ಸರ್ಟ್ ಹಾಗೂ ಎಸ್ ಕೀಲಿಗಳನ್ನು ಕೆಲವು ಬಾರಿ, ನಡುನಡುವೆ ನಿಲ್ಲಿಸಿ, ಒತ್ತಿ ನೋಡುವುದು ಮೊದಲ ಕೆಲಸ. ಎರಡನೆಯದು, ತಂತ್ರಾಂಶವೇ ನಿಂತುಹೋಗಿರಬಹುದು. ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಮತ್ತೆ ಆರಂಭವಾಗುತ್ತದೆ. ಮೂರನೆಯದು, ವಿಂಡೋಸಿನ ಸ್ವಂತ ಓದುಗನಾದ ನ್ಯಾರೇಟರ್ ಅನ್ನು ಎಬ್ಬಿಸಿ ನೋಡುವುದು: ವಿಂಡೋಸ್, ಕಂಟ್ರೋಲ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ನ್ಯಾರೇಟರ್ ಮಾತನಾಡಿದರೆ ಸ್ಪೀಕರಿನವರೆಗಿನ ದಾರಿಯೆಲ್ಲ ಸರಿಯಾಗಿದೆ, ದೋಷ ಎನ್‌ವಿಡಿಎಯಲ್ಲಿದೆ. ತಾನು ಯಾವ ಸಾಧನದ ಮೂಲಕ ಮಾತನಾಡಬೇಕೆಂಬ ಬೇರೆಯದೇ ಆಯ್ಕೆ ಎನ್‌ವಿಡಿಎಯ ಸೆಟ್ಟಿಂಗ್ಸಿನಲ್ಲಿದೆ. ತೆಗೆದುಹಾಕಿದ ಹೆಡ್‌ಫೋನಿನ ಹೆಸರು ಅಲ್ಲಿ ಉಳಿದಿದ್ದರೆ ಅದನ್ನು ಮುಖ್ಯ ಸಾಧನಕ್ಕೆ ಬದಲಾಯಿಸಬೇಕು. ನ್ಯಾರೇಟರ್ ಕೂಡ ಮೌನವಾಗಿದ್ದರೆ ಮಾತ್ರ ಹಿಂದೆ ಹೇಳಿದ ಪಟ್ಟಿಯ ಪರೀಕ್ಷೆಗೆ ಬರಬೇಕು.

ಕಾಣುವವರು ಯಾರೂ ಹತ್ತಿರವಿಲ್ಲದಾಗಲೂ ಓದುಗರು ಧ್ವನಿಯ ದಿಕ್ಕನ್ನು ತಾವೇ ತಿರುಗಿಸಿಕೊಳ್ಳಬಲ್ಲರು. ಧ್ವನಿ ಕಿಟಕಿಯನ್ನು ಮೇಲೆ ತಿಳಿಸಿದಂತೆ ಕೀಲಿಗಳಿಂದಲೇ ತೆರೆದು, ಕೆಳಬಾಣವನ್ನು ಒಮ್ಮೆ ಒತ್ತಿ, ಆಲ್ಟ್ ಮತ್ತು ಎಸ್ ಒತ್ತಿ, ಮಾತು ಬರುತ್ತದೆಯೇ ಎಂದು ಎರಡು ಕ್ಷಣ ಕಾಯಬೇಕು. ಬಾರದಿದ್ದರೆ ಇನ್ನೊಮ್ಮೆ ಕೆಳಬಾಣ, ಮತ್ತೆ ಆಲ್ಟ್ ಮತ್ತು ಎಸ್. ಸರಿಯಾದ ಸಾಲು ಸಿಕ್ಕೊಡನೆ ಎನ್‌ವಿಡಿಎ ಮಾತನಾಡತೊಡಗುತ್ತದೆ. ಇದನ್ನು ಧ್ವನಿ ಇರುವ ದಿನವೇ ಮೇಲ್ವಿಚಾರಕರೂ ಓದುಗರೂ ಒಟ್ಟಿಗೆ ಕುಳಿತು ಎರಡು ಮೂರು ಬಾರಿ ಅಭ್ಯಾಸ ಮಾಡಿರಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಈ ಅಭ್ಯಾಸಕ್ಕೆ ಕರೆದುಕೊಂಡರೆ ಒಳ್ಳೆಯದು. ಊರಿನಲ್ಲಿ ಯಾರಿಗೆ ಇದು ಬೇಕು ಎಂಬುದನ್ನು ಅವರೇ ಬಲ್ಲರು.

ತಂತಿ, ಸ್ಪೀಕರ್, ಯುಪಿಎಸ್

ಸ್ಪೀಕರ್ಸ್ ಸಾಲಿನ ಪಟ್ಟಿ ಏರಿಳಿಯುತ್ತಿದ್ದೂ ಸದ್ದು ಬಾರದಿದ್ದರೆ ಯಂತ್ರದ ಹಿಂಬದಿಗೆ ಹೋಗಬೇಕು. ಅಲ್ಲಿನ ಬಣ್ಣಗಳಿಗೆ ಅರ್ಥವಿದೆ. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಪಿಸಿ 99 ಎಂಬ ಮಾರ್ಗಸೂಚಿಯಲ್ಲಿ ನಿಗದಿಪಡಿಸಿದಂತೆ ತಿಳಿಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನಿಂದ ಧ್ವನಿಯನ್ನು ಒಳಕ್ಕೆ ಪಡೆಯಲು. ಮೂರೂ ಒಂದೇ ಗಾತ್ರದ ರಂಧ್ರಗಳಾದ್ದರಿಂದ ಕಸ ಗುಡಿಸಲು ಯಂತ್ರವನ್ನು ಸರಿಸಿದವರು ಪ್ಲಗ್ಗನ್ನು ಪಕ್ಕದ ರಂಧ್ರಕ್ಕೆ ಸಿಕ್ಕಿಸಿಬಿಡುವುದು ಸಾಮಾನ್ಯ. ಮುಂಬದಿಯ ರಂಧ್ರವನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಅದು ಮದರ್‌ಬೋರ್ಡಿಗೆ ಒಳಗಿನ ಸಣ್ಣ ಕೇಬಲಿನಿಂದ ಸೇರಿರುತ್ತದೆ, ಜೋಡಣೆ ಮಾಡಿದವರು ಅದನ್ನು ಸಿಕ್ಕಿಸದೆ ಬಿಟ್ಟಿರುವ ಯಂತ್ರಗಳಿವೆ.

ಅಗ್ಗದ ಸ್ಪೀಕರುಗಳು ಇನ್ನೊಂದು ಭ್ರಮೆಯನ್ನು ಉಂಟುಮಾಡುತ್ತವೆ. ಅವುಗಳಿಗೆ ಎರಡು ತಂತಿಗಳು: ಒಂದು ಯುಎಸ್‌ಬಿ, ಇನ್ನೊಂದು ದುಂಡು ಪ್ಲಗ್. ಬಹುತೇಕ ಮಾದರಿಗಳಲ್ಲಿ ಯುಎಸ್‌ಬಿ ತಂತಿ ತರುವುದು 5 ವೋಲ್ಟ್ ವಿದ್ಯುತ್ತನ್ನು ಮಾತ್ರ. ಧ್ವನಿ ಬರುವುದು ದುಂಡು ಪ್ಲಗ್ಗಿನಿಂದ. ಸ್ಪೀಕರಿನ ಸಣ್ಣ ದೀಪ ಉರಿಯುತ್ತಿರುವುದನ್ನು ನೋಡಿ ಎಲ್ಲ ಸರಿಯಿದೆಯೆಂದು ಭಾವಿಸಬಾರದು. ಸ್ಪೀಕರನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ದುಂಡು ಪ್ಲಗ್ಗನ್ನು ಹಳೆಯ ಮೊಬೈಲಿಗೋ ರೇಡಿಯೊಗೋ ಸಿಕ್ಕಿಸಿ ನುಡಿಸಿದರಾಯಿತು. ಅದೂ ಇಲ್ಲವಾದರೆ ಸ್ಪೀಕರ್ ಚಾಲೂ ಇರುವಾಗ ಯಂತ್ರದಿಂದ ಬಿಡಿಸಿದ ಪ್ಲಗ್ಗಿನ ತುದಿಯನ್ನು ಬೆರಳಿನಿಂದ ಮುಟ್ಟಬಹುದು. ಗುಂಯ್ ಎಂಬ ಸದ್ದು ಬಂದರೆ ಆಂಪ್ಲಿಫೈಯರ್ ಜೀವಂತವಾಗಿದೆ.

ಹೆಡ್‌ಫೋನಿನಲ್ಲಿ ಹಾಡು ಕೇಳಿಸಿ ಎನ್‌ವಿಡಿಎ ಮಾತ್ರ ಕೇಳಿಸುವುದಿಲ್ಲ ಎಂಬ ವಿಚಿತ್ರ ದೂರು ಬರಬಹುದು. ಇದನ್ನು ಕಟ್ಟುಕತೆಯೆಂದು ತಳ್ಳಿಹಾಕಬಾರದು. ಪ್ಲಗ್ ಪೂರ್ತಿ ಒಳಗೆ ಹೋಗದೆ, ಎಡ ಬಲ ಎರಡಕ್ಕೂ ಸಮಾನವಾದ ನೆಲದ ಸಂಪರ್ಕ ತಪ್ಪಿದರೆ, ಕಿವಿಗೆ ಬರುವುದು ಎರಡು ಬದಿಗಳ ನಡುವಿನ ವ್ಯತ್ಯಾಸ ಮಾತ್ರ. ಹಾಡಿನಲ್ಲಿ ವಾದ್ಯಗಳು ಎಡ ಬಲಗಳಲ್ಲಿ ಬೇರೆ ಬೇರೆಯಾಗಿರುವುದರಿಂದ ಅವು ಉಳಿಯುತ್ತವೆ, ನಡುವಿನಲ್ಲಿರುವ ಗಾಯಕರ ದನಿ ಮಾಯವಾಗುತ್ತದೆ. ಎನ್‌ವಿಡಿಎಯ ಮಾತು ಎರಡೂ ಬದಿಗೆ ಒಂದೇ ಆಗಿರುವುದರಿಂದ ಪೂರ್ತಿಯಾಗಿ ಅಳಿಸಿಹೋಗುತ್ತದೆ. ಪ್ಲಗ್ಗನ್ನು ಟಕ್ ಎನ್ನುವವರೆಗೆ ಒತ್ತುವುದೇ ಇದಕ್ಕೆ ಔಷಧಿ. ತಂತಿ ಒಳಗೆ ತುಂಡಾಗಿದ್ದರೆ ಬದಲಿಸಬೇಕು. ಇಲಿ ಕಡಿದ ತಂತಿಗಳ ಬಗ್ಗೆ ಪಂಚಾಯತಿ ಕಚೇರಿಗಳಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ವಿದ್ಯುತ್ ಹೋದಾಗ ಮಾತ್ರ ಧ್ವನಿ ನಿಲ್ಲುವುದಾದರೆ ಯುಪಿಎಸ್ ಕಡೆ ನೋಡಬೇಕು. ಯಂತ್ರ ಮತ್ತು ಮಾನಿಟರ್ ಯುಪಿಎಸ್‌ಗೆ ಸೇರಿದ್ದು, ಸ್ಪೀಕರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿದ್ದರೆ, ಕರೆಂಟ್ ಹೋದ ಕ್ಷಣ ಕಾಣುವವರ ಕೆಲಸ ಮುಂದುವರಿಯುತ್ತದೆ, ಕೇಳುವವರ ಕೆಲಸ ನಿಲ್ಲುತ್ತದೆ. ಬರೆಯುತ್ತಿದ್ದ ಕಡತವನ್ನು ಉಳಿಸಿಕೊಳ್ಳಲೂ ಅವರಿಗೆ ಆಗದು. ಸ್ಪೀಕರ್ ಬಳಸುವ ವಿದ್ಯುತ್ ಅಲ್ಪ. ಅದನ್ನು ಯುಪಿಎಸ್‌ಗೆ ಸೇರಿಸಲು ಹಿಂಜರಿಯಬೇಕಾಗಿಲ್ಲ.

ಪಟ್ಟಿ ಅಲುಗಾಡದಿದ್ದರೆ

ಆಗ ಮೊದಲು ನೋಡಬೇಕಾದದ್ದು ಮೌನದ ಗುರುತುಗಳನ್ನು. ಅವು ಒಂದೇ ಕಡೆ ಇರುವುದಿಲ್ಲ. ಕೀಲಿಮಣೆಯ ಮ್ಯೂಟ್ ಕೀಲಿ, ವಿಂಡೋಸಿನ ವಾಲ್ಯೂಮ್, ತಂತ್ರಾಂಶಗಳಿಗೆ ಬೇರೆ ಬೇರೆಯಾಗಿರುವ ವಾಲ್ಯೂಮ್ ಮಿಕ್ಸರ್, ಬ್ರೌಸರಿನ ಆಯಾ ಟ್ಯಾಬ್, ವಿಡಿಯೊದ ಸ್ವಂತ ಗುಂಡಿ, ಇವುಗಳಲ್ಲಿ ಯಾವುದೊಂದು ಮುಚ್ಚಿದ್ದರೂ ಸಾಕು. ವಿಡಿಯೊ ಸಭೆ ನಡೆಯುವಾಗ ಉಳಿದ ಧ್ವನಿಗಳು ಒಮ್ಮೆಲೇ ಕುಗ್ಗಿಹೋದರೆ ಅದು ದೋಷವಲ್ಲ. ಸಂಭಾಷಣೆ ನಡೆಯುತ್ತಿದೆಯೆಂದು ಕಂಡಾಗ ಬೇರೆ ಧ್ವನಿಗಳನ್ನು ಶೇ. 80ರಷ್ಟು ತಗ್ಗಿಸುವ ಏರ್ಪಾಡು ವಿಂಡೋಸಿನಲ್ಲಿಯೇ ಇದೆ. ಅದೇ ಧ್ವನಿ ಕಿಟಕಿಯ ಕಮ್ಯುನಿಕೇಷನ್ಸ್ ಪುಟದಲ್ಲಿ ಏನೂ ಮಾಡಬೇಡ ಎಂಬ ಆಯ್ಕೆಯನ್ನು ಗುರುತು ಮಾಡಿದರೆ ಸಭೆಯ ನಡುವೆಯೂ ಎನ್‌ವಿಡಿಎ ಎಂದಿನಂತೆ ಕೇಳಿಸುತ್ತದೆ.

ಅವೆಲ್ಲ ತೆರೆದಿದ್ದರೆ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಬೇಕು. ವಿಂಡೋಸ್ ಆಡಿಯೊ ಎಂಬ ಹಿನ್ನೆಲೆ ಸೇವೆ ನಿಂತಿದ್ದರೆ ಅಷ್ಟರಿಂದಲೇ ಸರಿಹೋಗುವುದುಂಟು. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಧ್ವನಿ ಸಾಧನದ ಮೇಲೆ ಹಳದಿ ಗುರುತಿದೆಯೇ ನೋಡಬೇಕು. ಇದ್ದರೆ ಡ್ರೈವರ್ ಕೆಟ್ಟಿದೆ. ಆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರನ್ನು ತಾನಾಗಿ ಹಾಕಿಕೊಳ್ಳುತ್ತದೆ. ಮಾತು ಕೇಳಲು ಅಷ್ಟು ಧಾರಾಳ. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ತೊಂದರೆ ಬಂದಿದ್ದರೆ ರೋಲ್ ಬ್ಯಾಕ್ ಡ್ರೈವರ್ ಗುಂಡಿ ಹಿಂದಿನದಕ್ಕೆ ಮರಳಿಸುತ್ತದೆ. ಡ್ರೈವರುಗಳನ್ನು ತಾವೇ ಹುಡುಕಿಕೊಡುತ್ತೇವೆನ್ನುವ ಜಾಹೀರಾತಿನ ತಂತ್ರಾಂಶಗಳನ್ನು ಪಂಚಾಯತಿಯ ಯಂತ್ರಕ್ಕೆ ಇಳಿಸಬಾರದು.

ಡಿವೈಸ್ ಮ್ಯಾನೇಜರಿನಲ್ಲಿ ಧ್ವನಿ ಸಾಧನದ ಹೆಸರೇ ಇಲ್ಲದಿದ್ದರೆ ಅದು ಬಯಾಸಿನಲ್ಲಿ ನಿಷ್ಕ್ರಿಯವಾಗಿರಬಹುದು, ಇಲ್ಲವೇ ಚಿಪ್ಪು ನಿಜವಾಗಿಯೂ ಸುಟ್ಟಿರಬಹುದು. ಸಿಡಿಲಿನ ನಂತರ ಎರಡನೆಯದೂ ಸಾಧ್ಯ. ಹಾಗಾದರೂ ಹೊಸ ಯಂತ್ರ ಬೇಕಿಲ್ಲ, ಹೊಸ ಮದರ್‌ಬೋರ್ಡೂ ಬೇಕಿಲ್ಲ. ಪೆನ್‌ಡ್ರೈವಿನಷ್ಟೇ ಇರುವ ಯುಎಸ್‌ಬಿ ಸೌಂಡ್ ಅಡಾಪ್ಟರ್ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಒಳಗಿನ ಚಿಪ್ಪಿನ ಕೆಲಸವನ್ನು ಅದೇ ಮಾಡುತ್ತದೆ. ವಿಕಲಚೇತನರಿಗಾಗಿ ಮೀಸಲಿಟ್ಟ ಅನುದಾನದಿಂದ ಒಂದು ಒಳ್ಳೆಯ ಹೆಡ್‌ಫೋನನ್ನೂ ಇಂತಹ ಒಂದು ಅಡಾಪ್ಟರನ್ನೂ ಕೇಂದ್ರದಲ್ಲಿ ಇರಿಸಿಕೊಳ್ಳುವ ವಿಷಯವನ್ನು ಪಂಚಾಯತಿ ಸಭೆಯ ಮುಂದಿಡಬಹುದು.

ಫಾರ್ಮ್ಯಾಟಿಗೆ ಮೊದಲು

ಧ್ವನಿ ನಿಂತ ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಕಾದ ಸಂದರ್ಭ ಅತಿ ವಿರಳ. ಮಾಡಲೇಬೇಕೆಂದು ಯಾರಾದರೂ ಹೇಳಿದರೆ, ಪಟ್ಟಿಯ ಪರೀಕ್ಷೆಯಲ್ಲಿ ಏನು ಕಂಡಿತೆಂದು ಅವರನ್ನು ಮೊದಲು ಕೇಳಬೇಕು. ಉತ್ತರವಿಲ್ಲದಿದ್ದರೆ ಅನುಮತಿ ಕೊಡಬಾರದು. ಕಚೇರಿಯ ಕಡತಗಳ ಬಗ್ಗೆ ಎಲ್ಲರಿಗೂ ಎಚ್ಚರವಿರುತ್ತದೆ. ಅವುಗಳಲ್ಲಿ ಬಹಳಷ್ಟು ಇಲಾಖೆಯ ಸರ್ವರಿನಲ್ಲಿಯೂ ಇರುತ್ತವೆ. ಓದುಗರು ಬರೆದಿಟ್ಟುಕೊಂಡದ್ದು ಆ ಒಂದೇ ಡಿಸ್ಕಿನಲ್ಲಿರುತ್ತದೆ. ಅರಿವು ಕೇಂದ್ರದ ಯಂತ್ರದಲ್ಲಿ ಓದುಗರ ಹೆಸರಿನ ಫೋಲ್ಡರುಗಳನ್ನು ಡೆಸ್ಕ್‌ಟಾಪಿನ ಬದಲು ಡಿ ಡ್ರೈವಿನಲ್ಲಿ ತೆರೆದು, ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಳ್ಳಬೇಕು. ಫಾರ್ಮ್ಯಾಟಿಗೆ ಮೊದಲು ಆ ಓದುಗರಿಗೆ ತಿಳಿಸಿ, ಅವರ ಒಪ್ಪಿಗೆಯನ್ನು ವಹಿಯಲ್ಲಿ ಬರೆದುಕೊಳ್ಳಬೇಕು.

ದೂರು ಬರೆಯುವಾಗ ಸೌಂಡ್ ಬರುತ್ತಿಲ್ಲ ಎಂಬ ಎರಡು ಪದ ಸಾಲದು. ಯಾವ ದಿನದಿಂದ, ಆ ದಿನ ಏನು ಬದಲಾಯಿತು, ಪಟ್ಟಿ ಯಾವ ಸಾಧನದ ಮುಂದೆ ಏರಿಳಿಯುತ್ತಿದೆ, ಅದೇ ಸ್ಪೀಕರ್ ಮೊಬೈಲಿನಲ್ಲಿ ನುಡಿಯಿತೇ, ನ್ಯಾರೇಟರ್ ಮಾತನಾಡಿತೇ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಬರುವ ತಂತ್ರಜ್ಞರಿಗೆ ಅರ್ಧ ಕೆಲಸ ಮುಗಿದಿರುತ್ತದೆ. ವಾರಂಟಿ ಅವಧಿಯಲ್ಲಿರುವ ಯಂತ್ರದ ಪೆಟ್ಟಿಗೆಯನ್ನು ತಾವೇ ತೆರೆಯಬಾರದು. ಸರಿಹೋದ ಮೇಲೆ ಏನು ಮಾಡಿದಾಗ ಸರಿಹೋಯಿತು ಎಂಬುದನ್ನೂ ದಾಸ್ತಾನು ವಹಿಯಲ್ಲಿ ಯಂತ್ರದ ಹೆಸರಿನ ಕೆಳಗೆ ದಿನಾಂಕದೊಡನೆ ನಮೂದಿಸಬೇಕು.

ಆ ಕೇಂದ್ರದಲ್ಲಿ ಈಗ ಹಸಿರು ರಂಧ್ರದ ಪಕ್ಕದಲ್ಲಿ ಎಂ-ಸೀಲಿನ ಒಂದು ಸಣ್ಣ ಬೊಟ್ಟಿದೆ; ಸ್ಪೀಕರಿನ ಪ್ಲಗ್ಗಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಲಾಗಿದೆ; ವಾಲ್ಯೂಮ್ ತಿರುಗುಣಿಯ ಮೇಲೂ ಬೆರಳಿಗೆ ತಾಗುವಂತೆ ಗುರುತು ಮಾಡಲಾಗಿದೆ. ಕೀಲಿಮಣೆಯ ಎಫ್ ಮತ್ತು ಜೆ ಕೀಲಿಗಳ ಮೇಲೆ ತಯಾರಕರೇ ಇಟ್ಟಿರುವ ಉಬ್ಬುಗೆರೆಗಳಂತೆ ಇವೂ ಕೈಗೆ ಸಿಗುತ್ತವೆ. ಯುವಕ ತಮ್ಮ ಟಿಪ್ಪಣಿಗಳನ್ನು ಸಂವಿಧಾನದ ಅಧ್ಯಾಯದಿಂದ ಮತ್ತೆ ಬರೆಯಲು ತೊಡಗಿದ್ದಾರೆ, ಈ ಬಾರಿ ಡಿ ಡ್ರೈವಿನಲ್ಲಿ.